ಫಿನ್ನಿಶ್‌ನ 15 ವಿಭಕ್ತಿ: ಕನ್ನಡ ಬಲ್ಲವರು ಎಲ್ಲಿಂದ ಶುರು ಮಾಡಬೇಕು?

ಜಯನಗರ_ನಾಲ್ಕನೇಬ್ಲಾಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಫಿನ್ನಿಶ್ ಕಲಿಕೆಯ ಆರಂಭದ ಹಂತದಲ್ಲಿದ್ದೇನೆ. ವರ್ತಮಾನ ಕಾಲದ ಕ್ರಿಯಾಪದ, ಸಂಖ್ಯೆಗಳು, ಹೆಸರು-ಊರು ಹೇಳಿಕೊಳ್ಳುವ ಮಾತು ಇಷ್ಟು ಬರುತ್ತೆ. ವಿಭಕ್ತಿಯ ಹತ್ತಿರ ಗಾಡಿ ನಿಂತಿದೆ. ಯಾವ ಪುಸ್ತಕ ತೆಗೆದರೂ 15 ಸಾಲಿನ ಕೋಷ್ಟಕ, ಪ್ರತಿ ಸಾಲಿಗೂ ಇಂಗ್ಲಿಷ್‌ನ ‘ಇನ್, ಆನ್, ಫ್ರಮ್’ ವಿವರಣೆ. ನಮಗೆ ವಿಭಕ್ತಿ ಹೊಸದೇನಲ್ಲವಲ್ಲ, ಕನ್ನಡದಿಂದಲೇ ನೇರವಾಗಿ ಹೋಗೋ ದಾರಿ ಇದೆಯಾ?

ನನ್ನ ಗೊಂದಲ ಇವು. ಕೋಷ್ಟಕ ಪೂರ್ತಿ ಬಾಯಿಪಾಠ ಮಾಡಬೇಕಾ? ನಮ್ಮ ‘ಅಲ್ಲಿ’ಗೆ ಅವರಲ್ಲಿ ಎರಡೆರಡು ಪ್ರತ್ಯಯ ಯಾಕೆ? ಪ್ರತ್ಯಯ ಹಚ್ಚಿದಾಗ ಪದದ ಹೊಟ್ಟೆಯೊಳಗಿನ ಅಕ್ಷರ ಯಾಕೆ ಬದಲಾಗುತ್ತೆ? ಪಾರ್ಟಿಟಿವ್ ಅನ್ನೋ ವಿಭಕ್ತಿ ಅಂದ್ರೆ ನಮ್ಮ ‘ಅನ್ನು’ ಅಂದುಕೊಂಡರೆ ಸಾಕಾ?

ಸಂಧಿವಿಗ್ರಹಿ:

ಮೊದಲು ಲಿಪಿಯ ವಿಷಯ. ಫಿನ್ನಿಶ್ ಪದಗಳನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ. ‘ಜೆ’ ಅಕ್ಷರವನ್ನು ಅವರು ‘ಯ’ ಅಂತ ಉಚ್ಚರಿಸುತ್ತಾರೆ, ಹಾಗೇ ಬರೆದಿದ್ದೇನೆ. ಮೇಲೆ ಎರಡು ಚುಕ್ಕೆಯಿರುವ ‘ಎ’ಗೆ ‘ಬ್ಯಾಟು’ ಪದದ ಸ್ವರ ಹಾಕಿದ್ದೇನೆ. ಹ್ರಸ್ವ, ದೀರ್ಘ, ಒತ್ತಕ್ಷರಗಳನ್ನು ಬರೆದಂತೆಯೇ ಓದಿ, ಯಾಕಂದರೆ ಅರ್ಥ ಅಲ್ಲೇ ಕೂತಿರುತ್ತೆ. ತಲೊನ್ ಅಂದರೆ ‘ಮನೆಯ’, ತಲೋನ್ ಅಂದರೆ ‘ಮನೆಗೆ’. ಒ-ಓ, ಎ-ಏ ಬೇರೆಬೇರೆಯಾಗಿ ಕೇಳುವ ಕಿವಿ ನಮಗೆ ಹುಟ್ಟಿನಿಂದ ಇದೆ, ಇಂಗ್ಲಿಷ್ ಮಾತ್ರ ಬಲ್ಲವರು ಇದಕ್ಕೇ ಬಹಳ ಒದ್ದಾಡುತ್ತಾರೆ.

ಕೋಷ್ಟಕ ಬಾಯಿಪಾಠ ಬೇಡ. ಅದರ ಕೊನೆಯ ಮೂರು ಸಾಲು (ಇನ್‌ಸ್ಟ್ರಕ್ಟಿವ್, ಅಬೆಸಿವ್, ಕೊಮಿಟಾಟಿವ್) ಮಾತಿನಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಒಂದಷ್ಟು ಸಿದ್ಧರೂಪಗಳಲ್ಲಿ ಉಳಿದಿವೆ ಅಷ್ಟೆ. ‘ದುಡ್ಡಿಲ್ಲದೆ’ ಅನ್ನಲು ರಹತ್ತ ಅನ್ನುವ ವಿಭಕ್ತಿರೂಪ ಇದೆ, ಆದರೆ ಜನ ಹೇಳುವುದು ಇಲ್ಮನ್ ರಹಾ. ‘ಹೆಂಡತಿಯ ಜೊತೆ’ಗೆ ವಯ್ಮೊನ್ ಕನ್ಸ್ಸ, ನಮ್ಮ ಹಾಗೇ ಷಷ್ಠಿಯ ಮುಂದೆ ಬಿಡಿಪದ. ಮನೆಯ ಮುಂದೆ, ಮನೆಯ ಹಿಂದೆ, ಮೇಜಿನ ಕೆಳಗೆ ಇವೆಲ್ಲ ಅವರಲ್ಲೂ ಷಷ್ಠಿ ಜೊತೆಗೆ ಬಿಡಿಪದವೇ. ತಲೊನ್ ಎದೆಸ್ಸ್ಯಾ = ಮನೆಯ ಮುಂದೆ. ಈ ಭಾಗಕ್ಕೆ ಹೊಸದಾಗಿ ಏನೂ ಕಲಿಯಬೇಕಿಲ್ಲ.

ಈಗ ಮುಖ್ಯವಾದದ್ದು. ಕನ್ನಡದಲ್ಲಿ ‘ಮರ’ಕ್ಕೆ ನೇರವಾಗಿ ‘ಅಲ್ಲಿ’ ಹಚ್ಚುವುದಿಲ್ಲ. ‘ಮರದ’ ಅನ್ನುವ ರೂಪ ಮಾಡಿಕೊಂಡು ಮರದಲ್ಲಿ, ಮರದಿಂದ ಅನ್ನುತ್ತೇವೆ. ‘ಊರು’ ಹೋಗಿ ಊರಿನ, ಊರಿನಲ್ಲಿ, ಊರಿನಿಂದ. ಅಂದರೆ ಷಷ್ಠಿ ಗೊತ್ತಿದ್ದರೆ ಇವು ತಾವಾಗಿ ಬರುತ್ತವೆ. ಫಿನ್ನಿಶ್‌ನ ಗುಟ್ಟೂ ಇದೇ. ಷಷ್ಠಿ ರೂಪ ತಗೊಳ್ಳಿ, ಕೊನೆಯ ‘ನ್’ ತೆಗೆಯಿರಿ, ಉಳಿದದ್ದಕ್ಕೆ ಪ್ರತ್ಯಯ ಹಚ್ಚಿ. ಕೋಣೆಗೆ ಹುವೊನೆ, ಷಷ್ಠಿ ಹುವೊನೇನ್. ‘ನ್’ ತೆಗೆದರೆ ಹುವೊನೇ. ಕೋಣೆಯಲ್ಲಿ ಹುವೊನೇಸ್ಸ, ಕೋಣೆಯಿಂದ ಹುವೊನೇಸ್ತ. ಮೊಬೈಲಿಗೆ ಪುಹೆಲಿನ್, ಷಷ್ಠಿ ಪುಹೆಲಿಮೆನ್, ಮೊಬೈಲಿನಲ್ಲಿ ಪುಹೆಲಿಮೆಸ್ಸ. ಪುಹೆಲಿನ್‌ಗೆ ನೇರವಾಗಿ ‘ಸ್ಸ’ ಅಂಟಿಸಿದರೆ ಪದವೇ ಹುಟ್ಟುವುದಿಲ್ಲ.

ಹಾಗಾಗಿ ಪ್ರತಿ ನಾಮಪದವನ್ನೂ ಮೂರು ರೂಪದಲ್ಲಿ ಒಟ್ಟಿಗೆ ಬರೆದಿಟ್ಟುಕೊಳ್ಳಿ: ಪ್ರಥಮಾ, ಷಷ್ಠಿ, ಏಕವಚನದ ಪಾರ್ಟಿಟಿವ್. ತಲೊ–ತಲೊನ್–ತಲೊಅ. ವೆಸಿ–ವೆದೆನ್–ವೆತ್ತ್ಯಾ (ನೀರು). ಹುವೊನೆ–ಹುವೊನೇನ್–ಹುವೊನೆತ್ತ. ನಯ್ನೆನ್–ನಯ್ಸೆನ್–ನಯ್ಸ್ತ (ಹೆಂಗಸು). ಒಂದೇ ರೂಪ ಕಲಿತು ಪಟ್ಟಿ ಉದ್ದ ಮಾಡಿಕೊಂಡವರು ಆಮೇಲೆ ಅಷ್ಟೂ ಪದಗಳನ್ನು ಮತ್ತೆ ಮೊದಲಿಂದ ಕಲಿಯಬೇಕಾಗುತ್ತೆ.

‘ಅಲ್ಲಿ’ ಎರಡಾಗುವುದು ಯಾಕೆ? ಅವರು ಒಳಗು, ಹೊರಗು ಅಂತ ಎರಡು ಸಾಲು ಇಟ್ಟುಕೊಂಡಿದ್ದಾರೆ. ಒಳಗಿನ ಸಾಲು: ತಲೊಸ್ಸ (ಮನೆಯಲ್ಲಿ), ತಲೊಸ್ತ (ಮನೆಯಿಂದ), ತಲೋನ್ (ಮನೆಗೆ). ಹೊರಗಿನ ಸಾಲು: ‘ಲ್ಲ, ಲ್ತ, ಲ್ಲೆ’. ಮೇಲ್ಮೈ ಮೇಲೆ, ಬಯಲಿನಲ್ಲಿ, ಆಸುಪಾಸಿನಲ್ಲಿ ಇರುವುದಕ್ಕೆಲ್ಲ ಇದು. ರಸ್ತೆಯಲ್ಲಿ ಕದುಲ್ಲ, ಸಂತೆಯಲ್ಲಿ ತೊರಿಲ್ಲ, ಸ್ಟೇಷನ್ನಿನಲ್ಲಿ ಅಸೆಮಲ್ಲ. ಮನುಷ್ಯರಿಗೆ ಸಂಬಂಧಪಟ್ಟ ಕೊಡು-ತಗೊ ಎಲ್ಲ ಹೊರಗಿನ ಸಾಲಿನದೇ. ಮಿನುಲ್ಲ ಒನ್ ಔತೊ, ಅಕ್ಷರಶಃ ‘ನನ್ನ ಹತ್ರ ಕಾರಿದೆ’. ಮಿನುಲ್ತ ‘ನನ್ನ ಹತ್ತಿರದಿಂದ’, ಮಿನುಲ್ಲೆ ‘ನನಗೆ’.

ನಮ್ಮ ಪ್ರತ್ಯಯಗಳು ಅಲ್ಲಿ ಒಡೆಯುವ ಜಾಗಗಳನ್ನು ಗುರುತು ಮಾಡಿಕೊಳ್ಳಿ. ‘ಗೆ’ ಎರಡಾಗುತ್ತೆ: ಜಾಗಕ್ಕೆ ಹೋದರೆ ಸಾಮಾನ್ಯವಾಗಿ ತಲೋನ್ ಥರ, ಮನುಷ್ಯರಿಗೆ ಕೊಟ್ಟರೆ ‘ಲ್ಲೆ’. ‘ಇಂದ’ ಮೂರಾಗುತ್ತೆ: ಊರಿಂದ ಬಂದರೆ ‘ಸ್ತ’, ಅಮ್ಮನ ಹತ್ತಿರದಿಂದ ಬಂದರೆ ‘ಲ್ತ’, ಚಾಕುವಿನಿಂದ ಕತ್ತರಿಸಿದರೆ ‘ಲ್ಲ’. ಮೂರನೆಯದನ್ನು ಬಹಳ ಜನ ತಪ್ಪಿಸುತ್ತಾರೆ. ಸಾಧನ ಯಾವುದೇ ಇರಲಿ ‘ಲ್ಲ’. ಬಸ್ಸಿನಲ್ಲಿ ಹೋಗುತ್ತೇನೆ ಅನ್ನುವಾಗಲೂ ಬಸ್ಸು ಸಾಧನ, ಮೆನೆನ್ ಬುಸ್ಸಿಲ್ಲ.

ಪ್ರತ್ಯಯದ ಕೊನೆಯ ಸ್ವರದ ಬಗ್ಗೆ ಇಷ್ಟೇ: ಪದದಲ್ಲಿ ಅ, ಒ, ಉ ಇದ್ದರೆ ‘ಸ್ಸ, ಸ್ತ, ಲ್ಲ’. ಇಲ್ಲದಿದ್ದರೆ ‘ಸ್ಸ್ಯಾ, ಸ್ತ್ಯಾ, ಲ್ಲ್ಯಾ’. ಸಮಾಸಪದವಾದರೆ ಕೊನೆಯ ಪದವನ್ನು ಮಾತ್ರ ನೋಡಿ.

ಬನಶಂಕರಿ_ಟಿಟಿಎಂಸಿ:

ಮೇಲಿನವರು ಷಷ್ಠಿ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ತಲೋನ್ ಥರದ ‘ಗೆ’ ರೂಪಕ್ಕೆ ಅದು ನಡೆಯಲ್ಲ. ಅಲ್ಲೇ ಹೊಟ್ಟೆಯೊಳಗಿನ ಅಕ್ಷರದ ಪ್ರಶ್ನೆ ಬರೋದು.

ಹೈಸ್ಕೂಲಲ್ಲಿ ಆದೇಶ ಸಂಧಿ ಓದಿರ್ತೀರಿ. ಮಳೆ+ಕಾಲ ಮಳೆಗಾಲ, ಬೆಟ್ಟ+ತಾವರೆ ಬೆಟ್ಟದಾವರೆ, ಕಣ್+ಪನಿ ಕಂಬನಿ. ಕ, ತ, ಪ ಮೆತ್ತಗಾಗೋದು. ಫಿನ್ನಿಶ್‌ನಲ್ಲೂ ಮೆತ್ತಗಾಗೋದು ಈ ಮೂರೇ. ಆಗೋ ಜಾಗ ಮಾತ್ರ ಬೇರೆ, ಅಲ್ಲಿ ಪದದ ಕೊನೇ ಅಕ್ಷರಕ್ಕೆ ಆಗುತ್ತೆ. ಪ್ರತ್ಯಯ ಬಂದು ಆ ಅಕ್ಷರವನ್ನ ವ್ಯಂಜನದಿಂದ ಮುಚ್ಚಿದ್ರೆ ಮೆತ್ತಗೆ, ಮುಚ್ಚದೇ ಇದ್ರೆ ಗಟ್ಟಿ.

ಒತ್ತು ಇದ್ರೆ ಒತ್ತು ಹೋಗುತ್ತೆ: ಕೌಪ್ಪ (ಅಂಗಡಿ), ಕೌಪನ್, ಕೌಪಸ್ಸ. ಒಂಟಿ ಪ ಇದ್ರೆ ವ: ಲುಪ (ಅನುಮತಿ), ಲುವನ್. ಒಂಟಿ ತ ಇದ್ರೆ ದ: ಕತು, ಕದುಲ್ಲ. ಕ ಇದ್ರೆ ಸೀದಾ ಲೋಪ: ತುರ್ಕು ಊರಲ್ಲಿ ಅಂದ್ರೆ ತುರುಸ್ಸ. ಅನುನಾಸಿಕ ಜೊತೆಗಿದ್ರೆ ಅದೇ ಇಮ್ಮಡಿಯಾಗುತ್ತೆ: ರಂತ (ದಡ) ರನ್ನಲ್ಲ, ಕಂಪ (ಬಾಚಣಿಗೆ) ಕಮ್ಮನ್, ಹೆಲ್ಸಿಂಕಿ ಹೆಲ್ಸಿಙ್ಙಿಸ್ಸ್ಯಾ. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದ್ದ ಙಗೆ ಇಲ್ಲಿ ಕೊನೆಗೂ ಕೆಲಸ ಸಿಕ್ಕಿದೆ. ಲ್ತ ಲ್ಲ ಆಗುತ್ತೆ, ರ್ತ ರ್ರ ಆಗುತ್ತೆ: ಸಿಲ್ತ (ಸೇತುವೆ) ಸಿಲ್ಲಲ್ಲ, ಪರ್ತ (ಗಡ್ಡ) ಪರ್ರನ್.

ಆಗದೇ ಇರೋ ಕಡೆನೂ ತಿಳ್ಕೊಳ್ಳಿ. ಹಿಂದೆ ಸ ಇದ್ರೆ ತ ಅಲ್ಲಾಡಲ್ಲ: ಪೊಸ್ತಿ, ಪೊಸ್ತಿಸ್ಸ. ಈಚೆಗೆ ಬಂದ ಎರವಲು ಪದದ ಒಂಟಿ ಅಕ್ಷರ ಬದಲಾಗಲ್ಲ: ಔತೊ, ಔತೊಸ್ಸ. ‘ಔದೊಸ್ಸ’ ಅಲ್ಲ. ಎರವಲು ಪದದಲ್ಲೂ ಒತ್ತಕ್ಷರ ಇದ್ರೆ ಮಾತ್ರ ಒತ್ತು ಹೋಗುತ್ತೆ: ಪಂಕ್ಕಿ (ಬ್ಯಾಂಕು), ಪಂಕಿಸ್ಸ.

ಈಗ ‘ಗೆ’. ಕೌಪಸ್ಸ ಮೆತ್ತಗೆ, ಆದ್ರೆ ‘ಅಂಗಡಿಗೆ’ ಅನ್ನೋವಾಗ ಕೌಪ್ಪಾನ್, ಮತ್ತೆ ಗಟ್ಟಿ. ಹೆಲ್ಸಿಂಕೀನ್, ತುರ್ಕೂನ್ ಕೂಡ ಹಾಗೇ. ಕೊನೇಲಿ ‘ನ್’ ಮುಚ್ಕೊಂಡಿದೆಯಲ್ಲ, ಯಾಕೆ ಮೆತ್ತಗಾಗಲಿಲ್ಲ ಅಂದ್ರೆ, ಹಿಂದೆ ಆ ದೀರ್ಘದ ನಡುವೆ ಒಂದು ಹ ಇತ್ತು, ಅದರಿಂದ ಪ ಇದ್ದ ಅಕ್ಷರ ತೆರೆದೇ ಇತ್ತು. ಹ ಬಿದ್ದುಹೋಯ್ತು, ಗಟ್ಟಿತನ ಉಳೀತು. ಒಂದೇ ಅಕ್ಷರದ ಪದಗಳಲ್ಲಿ ಆ ಹ ಈಗಲೂ ಇದೆ: ಮಾ (ನೆಲ, ದೇಶ), ಮಾಹನ್. ಎರಡಕ್ಷರದ ಪದ ದೀರ್ಘದಲ್ಲಿ ಮುಗಿದ್ರೆ, ಇಲ್ಲಾ ಹುವೊನೆ ಥರ ಷಷ್ಠಿಯಲ್ಲಿ ದೀರ್ಘ ಬಂದ್ರೆ ‘ಸೇನ್’: ಎಸ್ಪೋಸೇನ್, ಹುವೊನೇಸೇನ್.

‘ಎ’ಯಲ್ಲಿ ಮುಗಿಯೋ ಪದಗಳಲ್ಲಿ ಈ ಆಟ ತಿರುಗುಮುರುಗು. ಒಸೊಯ್ತೆ (ವಿಳಾಸ) ಪ್ರಥಮಾದಲ್ಲೇ ಮೆತ್ತಗಿರುತ್ತೆ, ಷಷ್ಠಿಯಲ್ಲಿ ಗಟ್ಟಿ: ಒಸೊಯ್ತ್ತೇನ್. ಷಷ್ಠಿ ಬರೆದಿಟ್ಕೊಳ್ಳಿ ಅಂತ ಮೇಲಿನವರು ಹೇಳಿದ್ದು ಇದಕ್ಕೂ ಮದ್ದು.

ಊರುಗಳಿಗೆ ನಿಯಮ ಹುಡುಕೋಕೆ ಹೋಗಬೇಡಿ. ಹೆಲ್ಸಿಂಕಿ, ಎಸ್ಪೋ, ತುರ್ಕು, ಔಲು ಒಳಗಿನ ಸಾಲು. ತಂಪೆರೆ, ವಂತಾ, ರೊವನಿಯೆಮಿ ಹೊರಗಿನ ಸಾಲು: ತಂಪೆರೇಲ್ಲ, ವಂತಾಲ್ಲ. ಹೊರದೇಶದ ಊರಿಗೆ ಸಾಮಾನ್ಯವಾಗಿ ಒಳಗಿನದು. ನಮ್ಮೂರು ಬೆಂಗಲುರುಸ್ಸ, ಬೆಂಗಲುರುಸ್ತ, ಬೆಂಗಲುರೂನ್. ವ್ಯಂಜನದಲ್ಲಿ ಮುಗಿಯೋ ಹೆಸರಿಗೆ ನಾವು ‘ಬಸ್ಸು’ ಅಂತ ಉ ಸೇರಿಸೋ ಹಾಗೆ ಅವರು ಇ ಸೇರಿಸ್ತಾರೆ: ಜಯನಗರ್ ಹೋಗಿ ಜಯನಗರಿಸ್ಸ.

ಮನೆ ಅನ್ನೋದಕ್ಕೆ ಇನ್ನೊಂದು ಪದ ಕೊತಿ (ನಾವಿರೋ ಮನೆ, ತಲೊ ಬರೀ ಕಟ್ಟಡ). ಇದು ಯಾವ ಸಾಲಿಗೂ ಪೂರ್ತಿ ಸೇರಲ್ಲ: ಮನೇಲಿ ಕೊತೊನ, ಮನೆಯಿಂದ ಕೊತೊಅ, ಮನೆಗೆ ಕೊತೀನ್. ಕೊತಿಸ್ಸ ಅಂತ ಹೇಳಿದ್ರೆ ಅರ್ಥ ಆಗುತ್ತೆ, ಹೊಸಬ್ರು ಅಂತಾನೂ ಗೊತ್ತಾಗುತ್ತೆ.

ಅರೆಪೂರ್ಣ:

ಪಾರ್ಟಿಟಿವ್ ಬಗ್ಗೆ ಯಾರೂ ಹೇಳಿಲ್ಲ. ನನ್ನ ಪ್ರಕಾರ ಬೇರೆಲ್ಲ ವಿಭಕ್ತಿಗಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ.

‘ಅನ್ನು’ ಅಂದುಕೊಂಡರೆ ಖಂಡಿತ ಸಾಲದು, ದಾರಿ ತಪ್ಪುತ್ತೆ. ನಾವು ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’ ಎರಡೂ ಅನ್ನುತ್ತೇವೆ. ಅಲ್ಲಿ ನೋಡುವುದು ಯಾವ ಪುಸ್ತಕ ಅನ್ನುವುದು ಗೊತ್ತಿದೆಯೋ ಇಲ್ಲವೋ, ಕರ್ಮಪದ ಮನುಷ್ಯರೋ ವಸ್ತುವೋ ಅಂತ. ಫಿನ್ನಿಶ್ ನೋಡುವುದು ಕೆಲಸ ಮುಗಿಯಿತೋ ಇಲ್ಲವೋ, ಇಡೀ ವಸ್ತುವಿಗೆ ತಾಗಿತೋ ಇಲ್ಲವೋ ಅಂತ. ಲುಎನ್ ಕಿರ್ಯಾ ಅಂದರೆ ಪುಸ್ತಕ ಓದುತ್ತಿದ್ದೇನೆ, ಇದು ಪಾರ್ಟಿಟಿವ್. ಲುಎನ್ ಕಿರ್ಯನ್ ಅಂದರೆ ಓದಿ ಮುಗಿಸುತ್ತೇನೆ. ಯುವೊನ್ ಕಹ್ವಿಅ ‘ಕಾಫಿ ಕುಡೀತಿದೀನಿ’, ಯೊಯ್ನ್ ಕಹ್ವಿನ್ ‘ಕಾಫಿ ಕುಡಿದುಬಿಟ್ಟೆ’. ವಾಕ್ಯದಲ್ಲಿ ‘ಬಿಡು’ ಅಥವಾ ‘ಮುಗಿಸು’ ಸೇರಿಸಿ ನೋಡಿ. ಸಹಜವಾಗಿ ಕೂತರೆ ಪೂರ್ಣಕರ್ಮ (ಕಿರ್ಯನ್ ಥರದ ‘ನ್’ ರೂಪ), ಕೂರದಿದ್ದರೆ ಪಾರ್ಟಿಟಿವ್. ಹತ್ತಕ್ಕೆ ಹತ್ತು ಸರಿ ಬರುವುದಿಲ್ಲ, ಆದರೆ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ.

ಯೋಚನೆಯೇ ಬೇಡದ ಜಾಗಗಳೂ ಇವೆ. ನಿಷೇಧ ಬಂದರೆ ಕರ್ಮ ಪಾರ್ಟಿಟಿವ್: ‘ನನ್ನ ಹತ್ರ ಕಾರಿಲ್ಲ’ ಮಿನುಲ್ಲ ಎಯ್ ಒಲೆ ಔತೊಅ. ಅಳತೆ ಪದದ ಮುಂದೆ ಪಾರ್ಟಿಟಿವ್: ಕಿಲೊ ರೀಸಿಆ್ಯ (ಒಂದು ಕಿಲೊ ಅಕ್ಕಿ), ಲಸಿ ವೆತ್ತ್ಯಾ (ಒಂದು ಲೋಟ ನೀರು). ಎರಡು ಮತ್ತು ಮೇಲಿನ ಸಂಖ್ಯೆಯ ಮುಂದೆ ಏಕವಚನದ ಪಾರ್ಟಿಟಿವ್: ಕಕ್ಸಿ ತಲೊಅ. ಇದು ನಮಗೆ ಸುಲಭ, ನಾವೂ ‘ಎರಡು ಮನೆ’ ಅನ್ನುತ್ತೇವೆ, ‘ಎರಡು ಮನೆಗಳು’ ಬರವಣಿಗೆಯ ಮಾತು.

ಪೂರ್ಣಕರ್ಮ ಯಾವಾಗಲೂ ‘ನ್’ ಅಲ್ಲ ಅನ್ನುವುದನ್ನೂ ಸೇರಿಸುತ್ತೇನೆ. ಆಜ್ಞೆ ಮಾಡುವಾಗ ಪ್ರಥಮಾ ರೂಪವೇ: ಲುಎ ಕಿರ್ಯ! ಬಹುವಚನದಲ್ಲಿ ಕಿರ್ಯತ್. ‘ನನ್ನನ್ನು, ನಿನ್ನನ್ನು’ಗಳಿಗೆ ಮಿನುತ್, ಸಿನುತ್ ಅನ್ನುವ ಪ್ರತ್ಯೇಕ ರೂಪ. ಕೆಲವು ಪುಸ್ತಕ 14 ವಿಭಕ್ತಿ, ಕೆಲವು 15 ಅನ್ನುವುದು ಇದರಿಂದಲೇ. ದ್ವಿತೀಯೆಯನ್ನು ಬೇರೆ ಲೆಕ್ಕ ಹಿಡಿಯುತ್ತಾರೋ ಇಲ್ಲವೋ ಅನ್ನುವುದರ ಮೇಲೆ.

ಜಯನಗರ_ನಾಲ್ಕನೇಬ್ಲಾಕ್:

ಬಹಳ ಉಪಕಾರ ಆಯ್ತು. ಮೇಲಿನದನ್ನು ಇಟ್ಟುಕೊಂಡು ನಾಲ್ಕು ವಾಕ್ಯ ಕಟ್ಟಿದ್ದೇನೆ, ತಿದ್ದಿಕೊಡಿ.

ದೊಡ್ಡ ಮನೆಯಲ್ಲಿ ವಾಸವಾಗಿದ್ದೇನೆ: ಅಸುನ್ ಇಸೊ ತಲೊಸ್ಸ.
ನನಗೆ ಇಬ್ಬರು ಮಕ್ಕಳಿದ್ದಾರೆ: ಮಿನುಲ್ಲೆ ಒನ್ ಕಕ್ಸಿ ಲಪ್ಸೆತ್.
ಬಸ್ಸಿನಲ್ಲಿ ಮೊಬೈಲ್ ಮರೆತೆ: ಉನೊಹ್ದಿನ್ ಪುಹೆಲಿಮೆನ್ ಬುಸ್ಸಿಸ್ಸ.
ಬಸ್ಸಿಗೆ ಕಾಯುತ್ತಿದ್ದೇನೆ: ಒದೊತನ್ ಬುಸ್ಸಿಲ್ಲೆ.

ಸಂಧಿವಿಗ್ರಹಿ:

ನಾಲ್ಕೂ ತಿದ್ದಬೇಕು, ಆದರೆ ನಾಲ್ಕೂ ಅಚ್ಚುಕಟ್ಟಾದ ಕನ್ನಡದ ತಪ್ಪುಗಳು, ಅದಕ್ಕೇ ಉಪಯುಕ್ತ.

ಒಂದನೆಯದು ಇಸೊಸ್ಸ ತಲೊಸ್ಸ. ನಮ್ಮ ಗುಣವಾಚಕ ವಿಭಕ್ತಿ ಹೊರುವುದಿಲ್ಲ, ಅವರದು ಹೊರುತ್ತೆ. ‘ಈ’ ಸೇರಿಸಿದರೆ ಅದೂ ಹೊರುತ್ತೆ: ತ್ಯಾಸ್ಸ್ಯಾ ಇಸೊಸ್ಸ ತಲೊಸ್ಸ, ಮೂರಕ್ಕೂ. ಕನ್ನಡದವರಿಗೆ ಕೊನೆಯವರೆಗೂ ಕಾಡುವುದು ಇದು. ಬರೆದಾದ ಮೇಲೆ ನಾಮಪದದಿಂದ ಹಿಂದಕ್ಕೆ ಓದಿ ಪರೀಕ್ಷಿಸಿ.

ಎರಡನೆಯದು ಮಿನುಲ್ಲ ಒನ್ ಕಕ್ಸಿ ಲಸ್ತ. ‘ನನಗೆ’ ಅನ್ನುವುದರಿಂದ ನಿಮಗೆ ‘ಲ್ಲೆ’ ಬಂತು. ಇರುವುದೆಲ್ಲ ‘ಲ್ಲ’, ಬರುವುದು ಮಾತ್ರ ‘ಲ್ಲೆ’. ‘ನನಗೆ ಹಸಿವಾಗಿದೆ’ಯೂ ಮಿನುಲ್ಲ ಒನ್ ಅಂತಲೇ ಶುರುವಾಗುತ್ತೆ. ಸಂಖ್ಯೆಯ ಮುಂದೆ ಮನುಷ್ಯರಿಗೂ ಏಕವಚನವೇ. ಲಪ್ಸಿಯ ಪಾರ್ಟಿಟಿವ್ ಲಸ್ತ.

ಮೂರನೆಯದು ಬುಸ್ಸೀನ್, ಅಂದರೆ ‘ಬಸ್ಸಿಗೆ ಮರೆತೆ’. ಬಿಡುವುದು, ಮರೆಯುವುದು, ಉಳಿಯುವುದನ್ನು ಅವರು ಚಲನೆಯ ಲೆಕ್ಕದಲ್ಲಿ ನೋಡುತ್ತಾರೆ. ‘ಇವತ್ತು ಮನೆಯಲ್ಲೇ ಉಳಿಯುತ್ತೇನೆ’ ಅನ್ನುವುದಕ್ಕೂ ಕೊತೀನ್. ಹುಡುಕುವುದು, ಕೊಳ್ಳುವುದು ಇದಕ್ಕೆ ವಿರುದ್ಧ: ‘ಬ್ಯಾಗಿನಲ್ಲಿ ಕೀ ಹುಡುಕುತ್ತಿದ್ದೇನೆ’ ಎತ್ಸಿನ್ ಅವಯ್ನ್ತ ಲೌಕುಸ್ತ, ಬ್ಯಾಗಿನಿಂದ.

ನಾಲ್ಕನೆಯದು ಒದೊತನ್ ಬುಸ್ಸಿಅ. ಕಾಯು, ಸಹಾಯ ಮಾಡು, ಹೆದರು, ಈ ಮೂರಕ್ಕೂ ಕನ್ನಡದಲ್ಲಿ ‘ಗೆ’, ಅಲ್ಲಿ ಪಾರ್ಟಿಟಿವ್. ಔತನ್ ಸಿನುಅ, ‘ನಿನಗೆ ಸಹಾಯ ಮಾಡುತ್ತೇನೆ’.

ಬನಶಂಕರಿ_ಟಿಟಿಎಂಸಿ:

ಅದಕ್ಕೇ ಕ್ರಿಯಾಪದವನ್ನ ಒಂಟಿಯಾಗಿ ಕಲೀಬೇಡಿ, ಅದು ಬೇಡೋ ವಿಭಕ್ತಿ ಜೊತೆಗೇ ಕಲೀರಿ. ‘ಕಾಫಿ ಇಷ್ಟ’ ಪಿದ್ಯಾನ್ ಕಹ್ವಿಸ್ತ (ಕಾಫಿಯಿಂದ!). ‘ಅಮ್ಮನಿಗೆ ಫೋನ್ ಮಾಡ್ತೀನಿ’ ಸೊಯ್ತನ್ ಆ್ಯಯ್ದಿಲ್ಲೆ, ಇಲ್ಲಿ ಮಾತ್ರ ನಮ್ಮ ಥರಾನೇ. ‘ಮೇಷ್ಟ್ರನ್ನ ಕೇಳ್ತೀನಿ’ ಅನ್ನೋಕೆ ಮೇಷ್ಟ್ರಿಗೆ ‘ಲ್ತ’ ಹಚ್ಚಬೇಕು. ಇನ್ನೊಂದು ಚಂದದ ಕ್ರಿಯಾಪದ ಇದೆ, ನಮ್ಮ ‘ಹೋಗಿ ಬರ್ತೀನಿ’ ಅನ್ನೋದಕ್ಕೆ ಒಂದೇ ಪದ: ಕ್ಯಾಯ್ನ್ (ಆ ಯ್ ಹೇಳೋವಾಗ ತುಟಿ ದುಂಡಗಿರಲಿ). ಆದ್ರೆ ‘ಅಂಗಡಿಗೆ ಹೋಗಿ ಬರ್ತೀನಿ’ಗೆ ಕ್ಯಾಯ್ನ್ ಕೌಪಸ್ಸ. ಕೌಪ್ಪಾನ್ ಹಾಕಿದ್ರೆ ತಪ್ಪು.

ಫ್ಲ್ಯಾಶ್‌ಕಾರ್ಡ್ ಮಾಡೋದಾದ್ರೆ ಮುಂದೆ ಕನ್ನಡ ವಾಕ್ಯ, ಹಿಂದೆ ಫಿನ್ನಿಶ್ ವಾಕ್ಯ. ದಿನಕ್ಕೆ 5 ಸಾಕು, 3 ಪದದ ವಾಕ್ಯ ಸಾಕು. ವಿಭಕ್ತಿ ಹೆಸರು ಬರೀಬೇಡಿ. ಎಲೇಟಿವ್, ಇಲ್ಲೇಟಿವ್ ಅಂತ ಕನ್ನಡದಲ್ಲಿ ಬರೆದ್ರಂತೂ ಯಾವುದು ಯಾವುದು ಅಂತಾನೇ ಗೊತ್ತಾಗಲ್ಲ. ಮಿಸ್ಸ್ಯಾ, ಮಿಸ್ತ್ಯಾ, ಮಿಹಿನ್ (ಎಲ್ಲಿ, ಎಲ್ಲಿಂದ, ಎಲ್ಲಿಗೆ) ಅಂತ ಪ್ರಶ್ನೆಯಾಗಿ ಕೇಳ್ಕೊಳ್ಳಿ.

ರೂಪ ಅನುಮಾನ ಬಂದ್ರೆ ವಿಕ್ಷನರಿಯಲ್ಲಿ ಆ ಪದ ಹುಡುಕಿ, ಎಲ್ಲ ವಿಭಕ್ತಿ ಕೋಷ್ಟಕದಲ್ಲಿ ಬರುತ್ತೆ. ಓದೋಕೆ ಫಿನ್‌ಲ್ಯಾಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಯೂಲೆಯ ಸರಳ ಫಿನ್ನಿಶ್ ವಾರ್ತೆ ಇದೆ, ಇಲ್ಲಿಂದಲೇ ತೆರೆಯುತ್ತೆ. ಒಂದು ಸುದ್ದಿ ತಗೊಂಡು ಸ್ಸ-ಸ್ತ-ಲ್ಲ-ಲ್ತ-ಲ್ಲೆ ಇರೋ ಪದಕ್ಕೆಲ್ಲ ಗೆರೆ ಎಳೆದು ಪ್ರಥಮಾ ರೂಪಕ್ಕೆ ಹಿಂದಕ್ಕೆ ತನ್ನಿ. ಅರ್ಥ ಆಮೇಲೆ.

ಆನ್‌ಲೈನ್ ಕ್ಲಾಸ್ ಸೇರೋದಾದ್ರೆ ಸಮಯ ನೋಡ್ಕೊಳ್ಳಿ. ಹೆಲ್ಸಿಂಕಿ ಸಂಜೆ 6 ಅಂದ್ರೆ ನಮಗೆ ಬೇಸಿಗೆಯಲ್ಲಿ ರಾತ್ರಿ 8:30, ಅಕ್ಟೋಬರ್ ಕೊನೇ ಭಾನುವಾರದಿಂದ ಮಾರ್ಚ್ ಕೊನೇ ಭಾನುವಾರದವರೆಗೆ 9:30.

ಅರೆಪೂರ್ಣ:

ಬಹುವಚನಕ್ಕೆ ಈಗಲೇ ಕೈ ಹಾಕಬೇಡಿ, ‘ತ್’ ಹಚ್ಚುವ ಪ್ರಥಮಾ (ತಲೊತ್, ಮನೆಗಳು) ಒಂದು ಸಾಕು. ಉಳಿದದ್ದರ ಜೋಡಣೆ ನಮ್ಮದೇ, ಮನೆ-ಗಳ-ಲ್ಲಿ ಇದ್ದ ಹಾಗೆ ತಲೊ-ಇ-ಸ್ಸ. ಆದರೆ ನಡುವೆ ಬರುವ ಆ ‘ಇ’ ಹಿಂದಿನ ಸ್ವರವನ್ನು ಸುಮ್ಮನೆ ಬಿಡುವುದಿಲ್ಲ: ಕಿರ್ಯ ಹೋಗಿ ಕಿರ್ಯೊಯ್ಸ್ಸ (ಪುಸ್ತಕಗಳಲ್ಲಿ), ಕೊಯ್ರ (ನಾಯಿ) ಹೋಗಿ ಕೊಯ್ರಿಸ್ಸ. ಎರಡಕ್ಷರದ ಪದದ ಮೊದಲ ಸ್ವರ ಅ, ಎ, ಇ ಆದರೆ ಕೊನೆಯ ಅ ಒ ಆಗುತ್ತೆ. ಒ, ಉ ಆದರೆ ಬಿದ್ದುಹೋಗುತ್ತೆ. ಮೂರು ರೂಪದ ಪಟ್ಟಿಯಲ್ಲಿ ಸುಮಾರು 200 ಪದ ಸೇರಿದ ಮೇಲೆ ಬಹುವಚನದ ಪಾರ್ಟಿಟಿವ್‌ಗೆ ನಾಲ್ಕನೇ ಕಾಲಂ ಹಾಕಿ. ಈಗಿನಿಂದಲೇ ನೋಟ್‌ಬುಕ್ಕಿನಲ್ಲಿ ಅದಕ್ಕೆ ಜಾಗ ಬಿಟ್ಟಿರಿ.